ಮತಪತ್ರದಲ್ಲಿ ಉಳಿದ ಮೆರಿಲ್

ಮೆರಿಲ್ ಸತ್ತಾಗ ಊರ ಆಡಳಿತ ಮಂಡಳಿಯ ಒಂದು ಸ್ಥಾನದ ಚುನಾವಣೆಗೆ ಮೂರು ವಾರ ಇತ್ತು. ಮತಪತ್ರ ಆಗಲೇ ಅಚ್ಚಾಗಿತ್ತು. ಅದರಲ್ಲಿ ಎರಡೇ ಹೆಸರು: ಮೆರಿಲ್, ಕ್ಲೇಟನ್. ಕ್ಲೇಟನ್ ಗೆದ್ದರೆ ಊರ ಶಾಲೆ ಮುಚ್ಚುತ್ತದೆ. ಇಪ್ಪತ್ತೇಳು ಮಕ್ಕಳು ಬಸ್ಸು ಹತ್ತಿ ಬೆಟ್ಟ ಇಳಿದು ಹೋಗಬೇಕು.

ಹೆಂಡತಿ ಅಲ್ಮಾಳಿಗೆ ಅಳು ಬರಲಿಲ್ಲ. ಅಮೆರಿಕದ ವರ್ಮಾಂಟಿನ ಆ ಬೆಟ್ಟದೂರಲ್ಲಿ ಚಳಿಗಾಲದಲ್ಲಿ ಯಾರನ್ನೂ ಹೂಳುವುದಿಲ್ಲ. ನೆಲ ಹೆಪ್ಪುಗಟ್ಟಿ ಕಲ್ಲಾಗಿರುತ್ತದೆ. ಶವಪೆಟ್ಟಿಗೆ ಸ್ಮಶಾನದ ಕಲ್ಲುಕೋಣೆಯಲ್ಲಿ ಮೇ ತಿಂಗಳಿಗೆ ಕಾಯುತ್ತದೆ. ಮೆರಿಲ್ ಅಲ್ಲಿದ್ದ. ಅವಳು ಅಂಗಡಿಯಲ್ಲಿ ಗರಗಸಕ್ಕೆ ಸಾಣೆ ಹಿಡಿಯುತ್ತಿದ್ದಳು. ಇಬ್ಬರೂ ಸೇರಿ ನಲವತ್ತೊಂದು ವರ್ಷ ಮಾಡಿದ ಕೆಲಸ. ಕೈ ತಾನೇ ಮಾಡುತ್ತಿತ್ತು.

ಚುನಾವಣೆಗೆ ನಿಂತ ಮೆರಿಲ್ ಹೇಳುತ್ತಿದ್ದುದು ಮೂರೇ ಮಾತು. ದಿನಾ ಓಟ್ಸ್ ಗಂಜಿಯ ಮುಂದೆ ಕೂತು ಅಭ್ಯಾಸ ಮಾಡುತ್ತಿದ್ದ. ದುಡಿಮೆ ನಿಂತ ಮುದುಕರ ಮನೆಗೆ ತೆರಿಗೆ ಏರಿಸಬಾರದು. ಶಾಲೆ ಮುಚ್ಚಬಾರದು. ಸಣ್ಣ ಅಂಗಡಿಯವರು ಬೋರ್ಡು ಹಾಕಿಕೊಳ್ಳುವುದಕ್ಕೂ ಶುಲ್ಕ ಕಟ್ಟುವುದು ನಿಲ್ಲಬೇಕು.

"ಹಂಗಾದ್ರೆ ಶಾಲೆಗೆ ದುಡ್ಡೆಲ್ಲಿಂದ ತರ್ತೀಯ?" ಎಂದು ಅವಳು ಕೇಳಿದ್ದಳು.

"ರಸ್ತೆಗೆ ಟಾರು ಒಂದ್ವರ್ಷ ತಡ ಆಗ್ಲಿ ಬಿಡು. ಗುಂಡಿ ನಮಗೇನು ಹೊಸದಾ?"

ಜನ ತಮ್ಮ ಮನೆ ಮುಂದಿನ ಹಿಮದಲ್ಲಿ ನೆಟ್ಟಿದ್ದ ಮೆರಿಲ್‌ನ ಪ್ರಚಾರ ಫಲಕಗಳನ್ನು ಕೀಳಲಿಲ್ಲ. ಕಿತ್ತರೆ ಅಲ್ಮಾಳಿಗೆ ಅವಮಾನ ಎಂದುಕೊಂಡರು. ಓಟೂ ಅವನಿಗೇ ಎಂದು ಅಂಗಡಿಗೆ ಬಂದು ಹೇಳಿ ಸೇಬಿನ ಪೈ ಇಟ್ಟು ಹೋದರು. ಸತ್ತವನಿಗೆ ಮರ್ಯಾದೆಗೆ ಹಾಕುವ ಆ ಓಟೆಲ್ಲ ದಂಡ. ಕ್ಲೇಟನ್ ಕೂತಲ್ಲೇ ಗೆಲ್ಲುತ್ತಿದ್ದ.

ಮತಪತ್ರದ ಕೆಳಗೆ ಖಾಲಿ ಗೆರೆಯೊಂದಿರುತ್ತದೆ. ಬೇಕಾದವರ ಹೆಸರು ಅಲ್ಲಿ ಬರೆಯಬಹುದು. ಅಲ್ಲಿ ತನ್ನ ಹೆಸರು ಬರೆಸಲು ಶಾಲೆಯ ಅಡುಗೆಯವಳು ನೇಡೀನ್ ಒಪ್ಪಿದಳು. ಅಲ್ಮಾ ಗಂಡನ ಬೂಟು ಹಾಕಿಕೊಂಡು ಮನೆ ಮನೆಗೆ ಹೊರಟಳು.

ಹಸು ಸಾಕುವ ಮುದುಕ ಓರಿನ್ ಫಲಕಕ್ಕೆ ಅಡ್ಡ ನಿಂತ. "ಅವನಿನ್ನೂ ಮಣ್ಣಾಗಿಲ್ಲ ಕಣಮ್ಮ, ಆಗ್ಲೇ ಹೆಸರು ಕೀಳ್ತೀಯಾ?"

"ಸತ್ತೋನು ಮೀಟಿಂಗಿಗೆ ಬರಲ್ಲ, ಓರಿನ್."

"ಬದುಕಿದ್ದಾಗ ಭಾರೀ ಟೈಮಿಗೆ ಬರ್ತಿದ್ನಾ?"

"ನಗಿಸ್ಬೇಡ. ನಗು ಬರಲ್ಲ ನಂಗೆ. ನೇಡೀನ್ ಹೆಸರು ಬರಿ."

"ಅವಳ ಹೆಸರಿಗೆ ಎಷ್ಟಕ್ಷರಾನೋ, ನಂಗೊತ್ತಿಲ್ಲ."

ಅಲ್ಮಾ ಅವನ ಅಂಗೈ ಹಿಡಿದು ಪೆನ್ನಿನಲ್ಲಿ ಬರೆದಳು. ಮುದುಕ ಕೈ ಬಿಡಿಸಿಕೊಳ್ಳಲಿಲ್ಲ. ಫಲಕವನ್ನು ತಾನೇ ಕಿತ್ತು ಕೊಟ್ಟ.

ನಾಲ್ಕು ದಿನದಲ್ಲಿ ಮೂವತ್ತಾರು ಫಲಕ ಕಿತ್ತಳು. ಎಲ್ಲ ತಂದು ಅಂಗಡಿಯ ಗೋಡೆಗೆ ಒರಗಿಸಿದಳು. ಎಲ್ಲದರ ಮೇಲೂ ಅವನ ಹೆಸರು. ಏನೂ ಅನ್ನಿಸಲಿಲ್ಲ.

ಓಟಿನ ದಿನ ಪರದೆಯೊಳಗೆ ಪೆನ್ಸಿಲ್ ಹಿಡಿದು ನಿಂತಳು. ಅಚ್ಚಾದ ಹೆಸರು ಕಂಡಿತು. ಇನ್ನು ಎಲ್ಲೂ ಅಚ್ಚಾಗದ ಹೆಸರು. ಹೊರಗೆ ಸಾಲು ಬೆಳೆಯಿತು. ಯಾರೂ ಕೆಮ್ಮಿ ಅವಸರಪಡಿಸಲಿಲ್ಲ.

ಸಂಜೆ ಗುಮಾಸ್ತೆ ಎಣಿಕೆ ಓದಿದಳು. ನೇಡೀನ್ ಅರವತ್ತೊಂದು. ಕ್ಲೇಟನ್ ಐವತ್ತೆಂಟು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು ಓದಿದಳು: ಮೆರಿಲ್ ಮೂರು.

ಶಾಲೆ ಉಳಿಯಿತು. ಜನ ನೇಡೀನ್‌ಳನ್ನು ಮುತ್ತಿಕೊಂಡರು.

ಮೂರರಲ್ಲಿ ಒಂದು ಅಲ್ಮಾಳದ್ದು. ಇನ್ನೊಂದು ಯಾರದೆಂದು ಓರಿನ್‌ನ ತಗ್ಗಿದ ಮುಖ ನೋಡಿಯೇ ತಿಳಿಯಿತು. ಮೂರನೆಯದು ಯಾರದೆಂದು ತಿಳಿಯಲಿಲ್ಲ. ಮೇ ತಿಂಗಳಲ್ಲಿ ನೆಲ ಸಡಿಲಾಗಿ ಅವನನ್ನು ಹೂಳುವಾಗಲೂ, ನಿಂತವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಅದನ್ನೇ ಹುಡುಕುತ್ತಿದ್ದಳು.