ಒಂದೇ ಟಿಕ್ ಬಿದ್ದ ಪಂಚಮಿ

ಹೋದ ವರ್ಷ ಮಳೆಗಾಲದ ಮೊದಲಿಗೆ ನನ್ನ ಫೋನಿನಲ್ಲಿ ನೆಟ್ ಮಾತ್ರ ಉಳಿಯಿತು. ನಾನು ಶ್ರೀರಾಮನಗರದ ಹತ್ತಿರ ಒಂದು ಅಕ್ಕಿ ಗಿರಣಿಯಲ್ಲಿ ಲಾರಿ ತೂಗುವ ಕಾಟಾದ ಮೇಲೆ ಕೆಲಸಕ್ಕಿದ್ದೇನೆ. ಗಿರಣಿಯ ಆಫೀಸಿಗೆ ಹೊಸ ವೈಫೈ ಬಂದಾಗ ಹಳೆಯ ನೆಟ್ ಡಬ್ಬಿಯ ಸಿಮ್ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಗುಮಾಸ್ತರು ಅದನ್ನು ನನಗೆ ಕೊಟ್ಟರು. ಆ ಸಿಮ್ಮಿನಿಂದ ಕರೆ ಹೋಗುವುದಿಲ್ಲ, ಬರುವುದೂ ಇಲ್ಲ, ಬರೀ ನೆಟ್. ಹಳೆಯ ನಂಬರಿಗೆ ರೀಚಾರ್ಜ್ ಮಾಡಿಸುವುದನ್ನು ಬಿಟ್ಟೆ. ಮೆಸೇಜ್ ಕಳಿಸುವ ಆ್ಯಪ್ ಹಳೆಯ ನಂಬರಿನ ಹೆಸರಿನಲ್ಲೇ ನಡೆಯುತ್ತಿತ್ತು. ಗಿರಣಿಯವರು, ಲಾರಿಯವರು, ನಮ್ಮೂರು ಮರಳಿಯ ಓಣಿಯವರು ಎಲ್ಲರೂ ಅದರಲ್ಲೇ ಕರೆ ಹಚ್ಚುತ್ತಿದ್ದರು. ನನಗೆ ಯಾವ ಅಡಚಣೆಯೂ ಆಗಲಿಲ್ಲ.

ಅಡಚಣೆಯಾಗಿದ್ದು ತಂಗಿಗೆ. ಅವಳನ್ನು ಯಲಬುರ್ಗಾ ಕಡೆಯ ಒಂದು ಸಣ್ಣ ಊರಿಗೆ ಕೊಟ್ಟಿದೆ. ನಾನು ಹೊಸ ಫೋನ್ ತೆಗೆದುಕೊಂಡಾಗ ಹಳೆಯದನ್ನು ಅವಳಿಗೆ ಕೊಟ್ಟು, ಅವಳ ನಂಬರ್ ಹಾಕಿ ಆ್ಯಪ್ ಮಾಡಿಕೊಟ್ಟಿದ್ದೆ. ಕೆಲವು ದಿನ ಬಳಸಿದಳು. ಚಾರ್ಜ್ ನಿಲ್ಲುವುದಿಲ್ಲ, ನೆಟ್ ಸಿಗುವುದಿಲ್ಲ ಎಂದು ಸಿಮ್ ತೆಗೆದು ತನ್ನ ಬಟನ್ ಫೋನಿಗೇ ಹಾಕಿಕೊಂಡಳು. ಟಚ್ ಫೋನನ್ನು ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟಳು. ಇದು ನನಗೆ ಗೊತ್ತಿತ್ತು. ಅವಳೇ ಹೇಳಿದ್ದಳು.

ನಾನು ಆರನೇ ತರಗತಿಗೆ ಶಾಲೆ ಬಿಟ್ಟವನು. ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ನೆಟ್ ಕರೆ ಹಚ್ಚಿದಾಗ ತೆರೆಯ ಮೇಲೆ ಮೊದಲು ಒಂದು ಪದ ಬರುತ್ತದೆ, ಆ ಕಡೆಯ ಫೋನಿಗೆ ಮುಟ್ಟಿದ ಮೇಲೆ ಅದು ಹೋಗಿ ಇನ್ನೊಂದು ಪದ ಬರುತ್ತದೆ. ಎರಡನ್ನೂ ಮೊದಲ ಅಕ್ಷರದ ಆಕಾರದ ಮೇಲೆ ಗುರುತಿಟ್ಟುಕೊಂಡಿದ್ದೆ. ಹಾಗೆಯೇ ಮೆಸೇಜಿನ ಕೆಳಗೆ ಒಂದೇ ಟಿಕ್ ಇದ್ದರೆ ಮುಟ್ಟಿಲ್ಲ, ಎರಡಿದ್ದರೆ ಮುಟ್ಟಿದೆ. ಇಷ್ಟು ತಿಳಿಯಲು ಶಾಲೆ ಬೇಕಾಗಿಲ್ಲ. ತಿಳಿದಿರಲಿಲ್ಲ ಎಂದು ನಾನು ಯಾರಿಗೂ ಹೇಳುವಂತಿಲ್ಲ.

ನಮ್ಮ ಕಡೆ ನಾಗರ ಪಂಚಮಿಗೆ ಕೊಟ್ಟ ಹೆಣ್ಣುಮಗಳು ತಾನಾಗಿ ತವರಿಗೆ ಬರುವುದಿಲ್ಲ. ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ಅವ್ವ ಇರುವವರೆಗೆ ನಾನು ಹೋಗುತ್ತಿದ್ದೆ ಎನ್ನುವುದಕ್ಕಿಂತ ಅವ್ವ ಕಳಿಸುತ್ತಿದ್ದಳು ಎನ್ನಬೇಕು. ಹಬ್ಬಕ್ಕೆ ಎಂಟು ದಿನ ಇರುವಾಗಲೇ ಶುರುಮಾಡುತ್ತಿದ್ದಳು. "ಆಕಿ ಬಾಗಲಾ ನೋಡ್ಕೋಂತ ಕುಂತಿರ್ತಾಳ, ಏಳು ಇನ್ನ," ಎಂದು ಚಹಾ ಕುಡಿಯಲೂ ಬಿಡುತ್ತಿರಲಿಲ್ಲ. ಅವ್ವ ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬ ಮಾಡಲಿಲ್ಲ. ಹೋದ ವರ್ಷದ್ದು ಅವ್ವ ಇಲ್ಲದೆ ಮಾಡುವ ಮೊದಲ ಪಂಚಮಿ. ಅವ್ವ ಹೋದ ಮೇಲೂ ಆ ಮನೆ ತನಗೆ ತವರಾಗಿ ಉಳಿದಿದೆಯೇ ಇಲ್ಲವೇ ಎಂಬುದು ತಂಗಿಗೆ ತಿಳಿಯಬೇಕಾಗಿದ್ದು ಆ ಹಬ್ಬಕ್ಕೆ. ನಾನು ಹೋದರೆ ಇದೆ, ಹೋಗದಿದ್ದರೆ ಇಲ್ಲ.

ನಾನು ಹೋಗಲಿಲ್ಲ. ದೊಡ್ಡ ಕಾರಣವೇನೂ ಇರಲಿಲ್ಲ. ಗಂಗಾವತಿಯಿಂದ ಕೊಪ್ಪಳ, ಅಲ್ಲಿ ಬಸ್ ಬದಲಿಸಿ ಯಲಬುರ್ಗಾ, ಅಲ್ಲಿಂದ ಸಿಕ್ಕ ಟಂಟಂ ಆಟೊ. ನಾಳೆ ಹೋದರಾಯಿತು ಎಂದುಕೊಂಡೆ. ಮರುದಿನವೂ ಹಾಗೇ ಅಂದುಕೊಂಡೆ. ಕೆಲಸ ಮುಗಿಸಿ ಬಂದು ಉಳಿದ ನೆಟ್ ಮುಗಿಯುವವರೆಗೆ ವಿಡಿಯೋ ನೋಡುತ್ತ ಮಲಗುತ್ತಿದ್ದೆ. ಹೆಂಡತಿ ಎರಡು ಸಲ ಕೇಳಿದಳು.

"ನಿಮ್ಮ ತಂಗೀನ ಕರಿಯಾಕ ಯಾವಾಗ ಹೋಗ್ತೀರಿ?"

"ಫೋನಿನ್ಯಾಗ ಹೇಳ್ತೀನಿ ತಗಾ."

"ಆ ಫೋನಿನ್ಯಾಗ ಯಾರಿಗೆ ಕೇಳಸ್ತೈತ್ರಿ? ನೆಟ್ ಇದ್ದೋರಿಗಷ್ಟ."

ಗಿರಣಿಯಲ್ಲಿ ಹತ್ತು ಜನರ ಹತ್ತಿರ ಕರೆ ಹೋಗುವ ಫೋನ್ ಇತ್ತು. ಯಾರನ್ನು ಕೇಳಿದರೂ ಕೊಡುತ್ತಿದ್ದರು. ಕೇಳಲಿಲ್ಲ. ಕೇಳಿದ್ದರೆ ತಂಗಿ ಆ ಕಡೆಯಿಂದ "ಯಾವಾಗ ಬರ್ತಿ?" ಎಂದು ಕೇಳುತ್ತಿದ್ದಳು.

ಪಂಚಮಿಯ ದಿನ ಗಿರಣಿ ಬಂದ್. ಕಾಲುವೆ ರಸ್ತೆಯ ಮೇಲೆ ಲಿಂಬೆಹಣ್ಣು ಒಗೆಯುವ, ಅಂದರೆ ದೂರ ಎಸೆಯುವ ಪಂದ್ಯ ನಡೆದಿತ್ತು. ಹಬ್ಬದ ದಿನ ನಮ್ಮಲ್ಲಿ ಗಂಡಸರಿಗೆ ಅದೇ ಕೆಲಸ. ಇಂತಿಷ್ಟು ಒಗೆತದಲ್ಲಿ ಆ ಕಡೆಯ ಸೇತುವೆ ದಾಟಿಸಬೇಕು. ನಾನು ಒಗೆತ ಎಣಿಸುವವನಾಗಿದ್ದೆ. ಮಧ್ಯಾಹ್ನ ಹೆಂಗಸರು ನಾಗಪ್ಪನಿಗೆ ಹಾಲೆರೆದು ತಿರುಗಿ ಬರುವುದು ಕಂಡಿತು. ಪಕ್ಕದ ಮನೆಯ ಮಗಳು ತವರಿಗೆ ಬಂದಿದ್ದಳು, ಕೈತುಂಬ ಹೊಸ ಬಳೆ ಹಾಕಿದ್ದಳು. ಆಗ ಬೇವಿನ ಮರದ ಕೆಳಗೆ ಹೋಗಿ ನಿಂತು ಫೋನ್ ತೆಗೆದೆ. ತಂಗಿಗೆ ನೆಟ್ ಕರೆ ಹಚ್ಚಿದೆ. ಮೊದಲ ಪದ ಬದಲಾಗಲಿಲ್ಲ. ಬದಲಾಗುವುದಿಲ್ಲ ಎಂದು ಗೊತ್ತಿತ್ತು. ಆಮೇಲೆ ಮೈಕಿನ ಗುರುತು ಒತ್ತಿ ಹಿಡಿದು ಮಾತಾಡಿದೆ, ಬಿಟ್ಟೆ. ಒಂದೇ ಟಿಕ್ ಬಿತ್ತು. ಮನಸ್ಸು ಹಗುರಾಯಿತು. ಅದನ್ನೇ ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಅದು ಅವಳಿಗೆ ಮುಟ್ಟಲಿ ಎಂದು ಕಳಿಸಿದ್ದಲ್ಲ. ಕಳಿಸಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳಲು ಕಳಿಸಿದ್ದು. ತಿರುಗಿ ಹೋಗಿ ಒಗೆತ ಎಣಿಸಿದೆ.

ಹದಿನೈದು ದಿನ ಬಿಟ್ಟು ತಂಗಿಯ ಮನೆಗೆ ಹೋದೆ. ಒಂದು ಸೀರೆ, ಒಂದು ಗೊನೆ ಆನೆಗೊಂದಿ ಬಾಳೆಹಣ್ಣು ಒಯ್ದಿದ್ದೆ. ಅಂಗಳದ ತುಂಬ ಹೆಸರುಕಾಯಿ ಒಣಹಾಕಿದ್ದರು. ತಂಗಿಯ ಅತ್ತೆ ಕಟ್ಟೆಯ ಮೇಲೆ ಕೂತು ಕೋಳಿ ಓಡಿಸುತ್ತಿದ್ದಳು. ಆ ಮುದುಕಿಯ ಬಾಯಿಗೆ ನಾನು ಮೊದಲಿನಿಂದಲೂ ಹೆದರುತ್ತೇನೆ.

"ಬರ್ರಿ ಬೀಗರ, ಬರ್ರಿ. ದಾರಿ ತಪ್ಪಿ ಬಂದ್ರೋ ಏನು?" ಎಂದಳು. "ನಾಗಪ್ಪಗ ಹಾಲೆರಿಯಾಗ ಆಕಿ ನಿಮ್ಮ ಪಾಲು ಮರೀಲಿಲ್ಲ ನೋಡ್ರಿ. ಅಪ್ಪನ ಪಾಲು, ಅಣ್ಣನ ಪಾಲು ಅಂತ ಎರದ್ಳು."

ತಂಗಿ ಒಳಗಿನಿಂದ ನೀರಿನ ತಂಬಿಗೆ ತಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಕೂತ ಮೇಲೆ ನಾನೇ ಶುರುಮಾಡಿದೆ.

"ಎಂಟು ದಿನ ಮೊದಲಿಂದ ಫೋನ್ ಹಚ್ಚೇ ಹಚ್ಚಿದೆ ಯವ್ವಾ. ಹತ್ತಲೇ ಇಲ್ಲ. ಗಿರಣ್ಯಾಗ ಲೋಡ್ ಮ್ಯಾಲ ಲೋಡ್. ಹಬ್ಬದ ದಿನಾನೂ ಬಿಡಲಿಲ್ಲ."

"ಹೌದಣ್ಣಾ, ಇಲ್ಲಿ ಸಿಗ್ನಲ್ ಇರಂಗಿಲ್ಲ. ನಾನೂ ಹಚ್ಚಿದ್ದೆ. ಫೋನಿನ್ಯಾಗ ಮಾತಾಡೋ ಆ ಹೆಣ್ಣುಮಗಳು ನಿನ್ನ ನಂಬರ್ ಚಾಲೂ ಇಲ್ಲ ಅಂತಿದ್ಲು. ನಂಬರ್ ಬದಲ್ ಮಾಡೀಯೇನೋ ಅಂದ್ಕೊಂಡೆ."

ಅಲ್ಲಿಗೆ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಒಳ್ಳೆಯವನಾಗಬೇಕು ಅನ್ನಿಸಿತು. ಟ್ರಂಕಿನಿಂದ ಟಚ್ ಫೋನ್ ತರಿಸಿದೆ, ಚಾರ್ಜಿಗೆ ಹಾಕಿದೆ. ಊಟವಾದ ಮೇಲೆ ಕಟ್ಟೆಗೆ ಬಂದೆವು. ಅಲ್ಲಿ ನನ್ನ ಫೋನಿಗೆ ಸ್ವಲ್ಪ ನೆಟ್ ಬರುತ್ತಿತ್ತು. "ಇನ್ನ ಮುಂದ ಸಿಮ್ ಬ್ಯಾಡ, ಬರೀ ನೆಟ್ಟಿನ್ಯಾಗ ಮಾತಾಡಬಹುದು, ಮುಖಾನೂ ಕಾಣ್ತೈತಿ," ಎಂದು ನನ್ನ ಫೋನಿನ ಹಾಟ್‌ಸ್ಪಾಟ್ ಅವಳ ಫೋನಿಗೆ ಕೊಟ್ಟೆ. ಅವಳ ಫೋನ್ ಟಿಣ್ ಎಂದಿತು. ಹಿಂದೆಯೇ ಇನ್ನೊಂದು ಸಲ. ನನಗೆ ನೆನಪಾಗಿದ್ದು ಆಗಲೇ. ಕೈ ಚಾಚುವಷ್ಟರಲ್ಲಿ ಅವಳು ಒತ್ತಿಯಾಗಿತ್ತು.

ನನ್ನದೇ ದನಿ ಕಟ್ಟೆಯ ಮೇಲೆ ಜೋರಾಗಿ ಕೇಳಿತು. "ತಂಗೀ, ಹಬ್ಬಕ್ಕ ಬಾ ಯವ್ವಾ. ಗಿರಣ್ಯಾಗ ಕೆಲಸ ಭಾಳ ಐತಿ, ಕರಿಯಾಕ ಬರಾಕ ಆಗವಲ್ದು. ಇವತ್ತ ಹಾಲೆರದು ಬಸ್ ಹತ್ತಿದ್ರೂ ಸಂಜಿಗೆ ಮುಟ್ಟತಿ." ನಾನು ಮಾತಾಡುವುದರ ಹಿಂದೆ ಜನರ ಕೂಗು. ಒಬ್ಬ ಒದರುತ್ತಿದ್ದ: "ಲೇ, ಲಿಂಬಿಹಣ್ಣ ಒಗಿಯೋ! ಕೈ ಬಿದ್ದು ಹೋಗ್ಯಾವೇನು? ಎಣಿಸಾಂವ ಎಲ್ಲಿ ಸತ್ತಾನ?"

ಮುದುಕಿ ಕೋಳಿ ಓಡಿಸುವ ಕೋಲನ್ನು ಕೆಳಗಿಟ್ಟಳು.

"ನಿಮ್ಮ ಗಿರಣ್ಯಾಗ ಲಿಂಬಿಹಣ್ಣೂ ತೂಗತಾರೇನ್ರಿ ಬೀಗರ?"

ತಂಗಿ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದಳು.

"ಅದು ಹಬ್ಬದ ದಿನದ್ದು ಬಿಡ್ರಿ ಅತ್ತಿ," ಎಂದಳು. "ಅಣ್ಣ ಮೊದಲ ಹೇಳಿ ಕಳಿಸಿದ್ದ. ಹೆಸರು ಬಿಡಿಸೋದೈತಿ, ಬರಾಕ ಆಗಂಗಿಲ್ಲ ಅಂತ ನಾನ ಒಲ್ಲೆ ಅಂದಿದ್ದೆ. ನಿಮಗ ಹೇಳೋದು ಮರತಿದ್ದೆ."

"ಹೌದೇನವ್ವಾ? ಮತ್ತ ಚೀಲಾ ತುಂಬಿಟ್ಕೊಂಡು ಮೂರು ದಿನ ಬಾಗಲಾಗ ಯಾಕ ಕುಂತಿದ್ದಿ?"

ತಂಗಿ ಎದ್ದು ಒಳಗೆ ಹೋದಳು. ಚಹಾಕ್ಕೆ ಇಟ್ಟ ಪಾತ್ರೆಯ ಸಪ್ಪಳ ಕೇಳಿತು. ಮುದುಕಿ ಹೆಸರುಕಾಯಿ ತಿರುವಿಹಾಕಲು ಇಳಿದಳು. ನಾನು ನನ್ನ ಫೋನ್ ನೋಡಿದೆ. ಆ ಮೆಸೇಜಿನ ಕೆಳಗೆ ಎರಡು ಟಿಕ್ ಬಿದ್ದಿದ್ದವು.

ಹೊರಡುವಾಗ ತಂಗಿ ಒಂದು ಸ್ಟೀಲ್ ಡಬ್ಬಿ ಕೊಟ್ಟಳು. ಹಬ್ಬದ ಶೇಂಗಾ ಉಂಡಿ. ಹದಿನೈದು ದಿನದಲ್ಲಿ ಗಟ್ಟಿಯಾಗಿದ್ದವು. "ನಿನಗಂತ ತಗದಿಟ್ಟಿದ್ದೆ," ಎಂದಳು. ಆ ದಿನದ ಬಗ್ಗೆ ಅವಳು ಹೇಳಿದ್ದು ಅಷ್ಟೇ. ಇವತ್ತಿನವರೆಗೂ ಅಷ್ಟೇ.

ಆಮೇಲೆ ಹಳೆಯ ನಂಬರಿಗೆ ರೀಚಾರ್ಜ್ ಮಾಡಿಸಿದೆ. ತಂಗಿ ಮಾತ್ರ ಅದಕ್ಕೆ ಹಚ್ಚುವುದಿಲ್ಲ. ಅವಳ ಮಗಳು ನೆಟ್ ಹಾಕಿಸಿಕೊಟ್ಟಿದ್ದಾಳೆ. ವಾರಕ್ಕೊಮ್ಮೆ ಆ್ಯಪಿನಲ್ಲೇ ವಿಡಿಯೋ ಕರೆ ಬರುತ್ತದೆ. ಮಳೆ, ಬೆಳೆ, ಮಕ್ಕಳ ಶಾಲೆ ಎಲ್ಲ ಮಾತಾಡುತ್ತೇವೆ. ಹಬ್ಬದ ಮಾತು ನಾನೂ ತೆಗೆಯುವುದಿಲ್ಲ, ಅವಳೂ ತೆಗೆಯುವುದಿಲ್ಲ.

ಈ ವರ್ಷ ಪಂಚಮಿಗೆ ಎಂಟು ದಿನ ಇರುವಾಗಲೇ ಹೋದೆ. ಹೋಗುವುದನ್ನು ಫೋನಿನಲ್ಲಿ ಹೇಳಲಿಲ್ಲ. ಬಾಗಿಲಲ್ಲಿ ಯಾರೂ ಕೂತಿರಲಿಲ್ಲ, ಚೀಲವೂ ತುಂಬಿರಲಿಲ್ಲ. ತಂಗಿ ಅತ್ತೆಯನ್ನು ಕೇಳಿ, ಚೀಲಕ್ಕೆ ಎರಡು ಸೀರೆ ಹಾಕಿಕೊಂಡು ಬಂದಳು. ಕೊಪ್ಪಳದಲ್ಲಿ ಬಸ್ ಬದಲಿಸುವಾಗ, ಹಬ್ಬದ ಮರುದಿನ ತಿರುಗಿ ಹೋಗಲು ಬಸ್ ಎಷ್ಟು ಹೊತ್ತಿಗಿದೆ ಎಂದು ಕಂಟ್ರೋಲರನ್ನು ತಾನೇ ಕೇಳಿಕೊಂಡಳು. ಮೊದಲೆಲ್ಲ ಅದನ್ನು ಕೇಳುತ್ತಿರಲಿಲ್ಲ. ಅವ್ವ ಇದ್ದಾಗ ಹಬ್ಬವಾದ ಮೇಲೂ ಎಂಟು ಹತ್ತು ದಿನ ಇರುತ್ತಿದ್ದಳು.

ಮರಳಿಯ ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಹೆಂಡತಿ ಹಿತ್ತಲಲ್ಲಿದ್ದಳು. ತಂಗಿ ಚೀಲ ಕೆಳಗಿಟ್ಟು ಅಡುಗೆಮನೆಯ ಹೊಸ್ತಿಲವರೆಗೆ ಹೋದಳು. ಅವ್ವನ ನೀರಿನ ಕೊಡ ಮೊದಲಿದ್ದಲ್ಲೇ ಇದೆ, ಮೇಲೆ ಅದೇ ತಂಬಿಗೆ. ಅವಳು ಹುಟ್ಟಿದಾಗಿನಿಂದ ಅದು ಅಲ್ಲೇ ಇದೆ. ಹೊಸ್ತಿಲಿನ ಹೊರಗೇ ನಿಂತು ನನ್ನ ಕಡೆ ತಿರುಗಿ ಕೇಳಿದಳು.

"ಅಣ್ಣಾ, ನೀರು ತಗೊಳ್ಳಲೇನು?"