ಖಾಲಿ ಹೋಗುವ ಜಾರುಗಾಡಿ

"ಇದರಾಗ ಮತ್ತ ಮೊರಮ್ ತುಂಬಿಸ್ದೋರು ಯಾರ್ರಿ?"

ಹಿಂದಿನ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ, ಬೀದರಿನ ಜಾರುಗಾಡಿ ಮೈದಾನದಲ್ಲಿ, ಭಾಲ್ಕಿ ಹತ್ತಿರದ ಭಾತಂಬ್ರಾದ ಕಾಶಮ್ಮ ಹೀಗೆ ಕೇಳಿದಾಗ ನಾನು ಆಕೆಯಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ.

ತುಂಬಿಸಿದವನು ನಾನೇ. (ಸಲಿಕೆಯಿಂದಲ್ಲ, ಲೇಖನಿಯಿಂದ. ಸಲಿಕೆ ಎತ್ತುವ ತಾಕತ್ತು ಈ ಮಾಸ್ತರನಿಗೆ ಎಲ್ಲಿದೆ?)

ಜಾರುಗಾಡಿ ನೋಡದವರಿಗಾಗಿ ಅದರ ಚರಿತ್ರೆಯನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆ ರೈಲು ದಾರಿ ಹಾಕುವಾಗ ಮಣ್ಣು ಸಾಗಿಸಲು ಸಣ್ಣ ಹಳಿ, ಸಣ್ಣ ಟ್ರಾಲಿ ತಂದಿದ್ದರು. ತಗ್ಗಿನಲ್ಲಿ ಅಗೆದ ಮೊರಮ್, ಅಂದರೆ ಕೆಂಪು ಗರಸು ಮಣ್ಣು, ತುಂಬಿ ಏರಿಗೆ ತಳ್ಳಬೇಕು, ಮೇಲೆ ಸುರಿಯಬೇಕು, ಖಾಲಿ ಟ್ರಾಲಿ ಇಳಿಸಿಕೊಂಡು ಬರಬೇಕು. ದಾರಿ ಮುಗಿಯಿತು, ರೈಲು ಬಂತು. ಹಳೇ ಹಳಿಗಳು ತುಕ್ಕು ಹಿಡಿಯುತ್ತ ಬಿದ್ದಿದ್ದವು. ಆ ಕೆಲಸದಲ್ಲಿ ಮೇಸ್ತ್ರಿಯಾಗಿದ್ದ ಔರಾದ ತಾಲೂಕಿನ ಡಾಬಕಾದ ಮಾಣಿಕಪ್ಪ ಅವನ್ನೂ ಎರಡು ಟ್ರಾಲಿಗಳನ್ನೂ ಕೊಂಡು, ಸ್ಟೇಷನ್ ಆಚೆಯ ಕೆಂಪು ಇಳಿಜಾರಿನಲ್ಲಿ ಹಾಸಿದ. ಒಂದು ಇಳಿತ, ಒಂದು ಉಬ್ಬು, ಮತ್ತೊಂದು ಇಳಿತ, ಕೊನೆಗೊಂದು ಏರು. ಏರಿನಲ್ಲಿ ಗಾಡಿ ಸುಸ್ತಾಗಿ ನಿಲ್ಲುತ್ತದೆ. ಟ್ರಾಲಿಯಲ್ಲಿ ಹಲಗೆ ಬಡಿದು, ಹಿಂದೆ ಬ್ರೇಕ್ ಹಿಡಿಯುವವನನ್ನು ನಿಲ್ಲಿಸಿ, ಟಿಕೆಟ್ ಮಾರತೊಡಗಿದ.

ಭಾಲ್ಕಿಯಿಂದ ರೈಲಿನಲ್ಲಿ, ಔರಾದಿನಿಂದ ಎತ್ತಿನ ಗಾಡಿಯಲ್ಲಿ ಜನ ಬಂದರು. ಕೂತರು, ಕಿರುಚಿದರು, ಇಳಿದು ಮತ್ತೆ ಸಾಲಿನಲ್ಲಿ ನಿಂತರು. ಹೆದರಲಿಕ್ಕೆ ಟಿಕೆಟ್ ಕೊಳ್ಳುವವರನ್ನು ನಾನು ನೋಡಿದ್ದು ಅಲ್ಲೇ ಮೊದಲು. ನಾನೋ, ಪುಕ್ಕಟೆ ಹೆದರುವವನು. ಕುರ್ಚಿಯನ್ನೂ ಅಲುಗಾಡಿಸಿ ನೋಡಿಯೇ ಕೂರುತ್ತೇನೆ.

ಹೀಗಾಗಿ ಜಾರುಗಾಡಿಯನ್ನು ಹಲವು ದಿನ ದೂರದಿಂದಲೇ ನೋಡಿದೆ. ಒಂದು ಸಂಗತಿ ಕಣ್ಣಿಗೆ ಬಿತ್ತು. ದಿನದ ಮೊದಲ ಗಾಡಿಯಲ್ಲಿ ಯಾರನ್ನೂ ಕೂರಿಸುವುದಿಲ್ಲ, ಬ್ರೇಕಿನವನೂ ಇರುವುದಿಲ್ಲ. ಮೇಸ್ತ್ರಿ ಖಾಲಿ ಹಲಗೆಯ ಕಡೆ ಬಗ್ಗಿ "ಕುಂತಿ ಏನೋ?" ಎನ್ನುತ್ತಾನೆ. ತುಸು ಹೊತ್ತು ತಡೆಯುತ್ತಾನೆ. ಆಮೇಲೆ ಬಿಡುತ್ತಾನೆ. ಗಾಡಿ ತಾನೇ ಇಳಿದು, ಉಬ್ಬು ಹಾರಿ, ಕೊನೆಯ ಏರಿನಲ್ಲಿ ನಿಲ್ಲುತ್ತದೆ.

ನನಗೆ ಎಷ್ಟು ಸಮಾಧಾನವಾಯಿತೆಂದರೆ, ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಹೊಗಳಿ ಬರೆದೆ. ಜನರ ಜೀವದ ಕಾಳಜಿ ಇರುವ ಮನುಷ್ಯ, ದಿನವೂ ಗಾಡಿ ಪರೀಕ್ಷೆ ಮಾಡದೆ ಒಬ್ಬರನ್ನೂ ಕೂರಿಸುವುದಿಲ್ಲ ಎಂದೆಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸುವವನೇ? "ಖಾಲಿ ಬಿಡುವ ಬದಲು ಜನರಷ್ಟೇ ತೂಕ ಹೇರಿ ಬಿಟ್ಟರೆ ಪರೀಕ್ಷೆ ಇನ್ನೂ ಪಕ್ಕಾ ಆಗುತ್ತದೆ" ಎಂದು ಸಲಹೆ ಬೇರೆ ಕೊಟ್ಟೆ.

ಹೆಂಡತಿ ಓದಿ ಕೇಳಿದಳು: "ಬ್ರೇಕ್ ಹಿಡ್ಯಾಂವನೇ ಇರಂಗಿಲ್ಲ ಅಂತೀರಿ. ಅದೆಂಥಾ ಪರೀಕ್ಷಾರಿ?"

ನನ್ನ ಬರಹದ ತಪ್ಪು ಮನೆಯಲ್ಲಿ ಸಿಕ್ಕಾಗ ನಾನು ಚಹಾ ಕೇಳುತ್ತೇನೆ.

ಕನ್ನಡ ಬಲ್ಲ ಗುಮಾಸ್ತನೊಬ್ಬ ಆ ಅಂಕಣವನ್ನು ಸರ್ಕಾರಿ ಕಚೇರಿಯ ಸಾಹೇಬರಿಗೆ ಉರ್ದುವಿನಲ್ಲಿ ಓದಿ ಹೇಳಿದನಂತೆ. ಸಾಹೇಬರಿಗೆ ಮೆಚ್ಚುಗೆಯಾಯಿತು. ಹುಕುಮ್ ಹೊರಟಿತು: ಮಂದಿ ಕೂರುವ ಮೊದಲು ಗಾಡಿಯನ್ನು ಭಾರ ಹೇರಿ ಓಡಿಸಿ ನೋಡತಕ್ಕದ್ದು. ಕಲ್ಲು ಹೊರುವುದಕ್ಕಿಂತ ಅಲ್ಲೇ ಬಿದ್ದ ಮೊರಮ್ ತುಂಬುವುದು ಸುಲಭ. ತುಂಬಿದರು. ಟಿಕೆಟ್ಟಿನ ಓಟ ಶುರುವಾಗುವ ಮುಂಚೆಯೇ ಎರಡು ಸಲ ಗಾಡಿಯನ್ನು ಮೇಲಕ್ಕೆ ತಳ್ಳುವಷ್ಟು ಆಳಿಲ್ಲದೆ ಖಾಲಿ ಸರದಿ ನಿಂತೇ ಹೋಯಿತು. ನನ್ನ ಮಾತಿನಿಂದ ಊರಿನಲ್ಲಿ ಒಂದು ಕೆಲಸವಾಯಿತಲ್ಲ! ನೋಡಿ ಹಿಗ್ಗಲು ಅಮಾವಾಸ್ಯೆಯ ದಿನ ಬೆಳಿಗ್ಗೆಯೇ ಹೋದೆ.

ಅಲ್ಲಿ ಕಾಶಮ್ಮ ಬಂದಿದ್ದಳು.

ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ. "ಕಚೇರಿ ಹುಕುಮ್ ಅದ, ಅವ್ವ" ಎಂದ. ನನ್ನ ಹೆಸರು ಹೇಳಬಹುದಿತ್ತು. ಹೇಳಲಿಲ್ಲ.

ಆಕೆ ಮೊರಮ್ಮಿನ ಮೇಲೆ ಕೈಯಿಟ್ಟಳು. "ಹಂಗಾರ ಮುಂದಿನ ಅಮಾಸಿಗಿ ನಾ ಬರಂಗಿಲ್ಲ ನೋಡ್ ಮಾಣಿಕಪ್ಪ. ಇದನ್ನ ಒಮ್ಮಿ ನೋಡೀನಿ. ಸಾಕು."

ಸೆರಗು ಸರಿಮಾಡಿಕೊಂಡು ಸ್ಟೇಷನ್ ಕಡೆ ನಡೆದಳು. ಆಮೇಲೆ ಮೇಸ್ತ್ರಿ ಹೇಳಿದ್ದು ಇಷ್ಟು.

"ಆಕಿ ಗಂಡ ಶರಣಪ್ಪ ನಮ್ಮ ಟೋಳಿಯಾಗ ಇದ್ದ್ರಿ, ಮಾಸ್ತರ್. ಮ್ಯಾಲ ಮೊರಮ್ ಸುರದು ಬರುವಾಗ ಖಾಲಿ ಟ್ರಾಲಿಯಾಗ ಕುಂದ್ರಬ್ಯಾಡ್ರಿ ಅಂತ ಓವರ್‌ಸಿಯರ್ ಬೈತಿದ್ದ. ಅಂವ ಆ ಕಡಿ ಮುಖ ತಿರುವಿದ ಅಂದ್ರ ಶರಣಪ್ಪ ಹಾರಿ ಕುಂದ್ರಾಂವ. ನಾ ಹಿಂದಿಂದ 'ಕುಂತಿ ಏನೋ?' ಅಂತ ಕೇಳಿ ಬಿಡ್ತಿದ್ದೆ. ನಗಕೋತ ಹೋಗ್ತಿದ್ದ. ಈ ಆಟ ನಂದಲ್ಲರಿ, ಅಂವಂದು. ಅದಕ್ಕ ದಿನದ ಮೊದಲ ಸರದಿ ಅಂವಂಗ, ಆಕಿ ಅಮಾಸಿಗೊಮ್ಮಿ ಅದನ್ನ ನೋಡ್ಲಿಕ್ಕ ಬರ್ತಾಳ."

"ಆಮೇಲೆ?"

"ಒಂದಿನ ಹೇರಿದ ಟ್ರಾಲಿ ಏರಿನ್ಯಾಗ ಹಿಂದಕ ಜಾರ್ತು. ಹಿಂದ ನಿಂತು ತಳ್ಳಾಂವ ಅಂವ." ಮೇಸ್ತ್ರಿ ಕೈಯೊರೆಸಿಕೊಂಡ. "ಹೇರಿದ ಗಾಡಿ ಕೆಲಸದ್ದು ಇತ್ತ್ರಿ. ಖಾಲಿ ಗಾಡಿ ನಮ್ದು ಇತ್ತು."

"ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಕೇಳ್ಲಿಲ್ಲರಿ. ಬರದ್ರಿ."

ಇಂಥ ಮಾತಿಗೆ ಚಹಾ ಕೇಳಲೂ ಆಗುವುದಿಲ್ಲ.

ಕಚೇರಿಗೆ ಹೋದೆ. "ನೀವೇ ಬರೆದಿರಿ, ಈಗ ನೀವೇ ಬೇಡವೆನ್ನುತ್ತೀರಾ? ನಾಳೆ ಯಾರಾದರೂ ಬಿದ್ದರೆ?" ಎಂದರು ಸಾಹೇಬರು. ಸುಳ್ಳೇನಲ್ಲ. ಭಾರ ಹೇರಿ ನೋಡುವುದು ಒಳ್ಳೆಯದೇ, ಅಂಜುಬುರುಕನಾದ ನನಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರು? ಆ ಬುದ್ಧಿ ಶರಣಪ್ಪ ಬದುಕಿದ್ದಾಗ ಯಾರಿಗೂ ಬರಲಿಲ್ಲ, ಅಷ್ಟೆ.

ಯಾವ ಕಾಗದವನ್ನೂ ಹತ್ತು ಸಲ ಓದುವ ಚಾಳಿ ನನ್ನದು. ಹುಕುಮನ್ನೂ ಓದಿದೆ. ಮಂದಿ ಕೂರುವ ಮೊದಲು ಭಾರ ಹೇರಬೇಕು, ಸರಿ. ಭಾರ ಹೇರುವುದಕ್ಕೂ ಮೊದಲು ಏನನ್ನೂ ಓಡಿಸಬಾರದೆಂದು ಎಲ್ಲಿಯೂ ಇಲ್ಲ. ಸಾಹೇಬರಿಗೆ ತೋರಿಸಿದೆ. ನಕ್ಕರು. ಬೇಡವೆನ್ನಲಿಲ್ಲ.

ಉಳಿದದ್ದು ಒಂದೇ. ಆ ಇನ್ನೊಂದು ಸರದಿಗೆ ಗಾಡಿಯನ್ನು ತಿರುಗಿ ಮೇಲಕ್ಕೆ ತಳ್ಳುವವರು ಯಾರು? ಅಂದು ಮಣ್ಣು ತಳ್ಳುತ್ತಿದ್ದ ಹಳೇ ಟೋಳಿಯ ನಾಲ್ವರು ಏನೂ ಕೇಳದೆ ಒಪ್ಪಿದರು. ಐದನೆಯವನಾಗಿ ನಾನು ಕೈ ಹಚ್ಚಿದೆ. "ಮಾಸ್ತರ್, ನೀವು ಬಾಜೂಕ ನಿಂದರ್ರಿ, ನಮಗ ಹಗುರ ಆಗ್ತದ" ಎಂದನೊಬ್ಬ.

ಭಾಲ್ಕಿ ಸಂತೆಗೆ ಹೋಗುವವರ ಕೈಯಲ್ಲಿ ಮೇಸ್ತ್ರಿ ಭಾತಂಬ್ರಾಕ್ಕೆ ಹೇಳಿಕಳಿಸಿದ. ಮೊನ್ನೆಯ ಅಮಾವಾಸ್ಯೆ. ಭಾಲ್ಕಿಯ ರೈಲು ಬಂತು, ಜನ ಇಳಿದರು, ಆಕೆ ಕಾಣಲಿಲ್ಲ. ಮೇಸ್ತ್ರಿ ಗಾಡಿ ಹಿಡಿದುಕೊಂಡೇ ನಿಂತ. ಟಿಕೆಟ್ಟಿನವರು ಗೊಣಗತೊಡಗಿದರು. ಆಗ ಇಳಿಜಾರಿನ ತುದಿಯಲ್ಲಿ ಕಾಶಮ್ಮ ಕಂಡಳು, ನಿಧಾನವಾಗಿ ಬರುತ್ತಿದ್ದಳು.

ನಾನೇ ಎದುರು ಹೋಗಿ ಹೇಳಿದೆ: "ಅವ್ವಾ, ಆವತ್ತು ಮೊರಮ್ ತುಂಬಿಸಿದವನು ನಾನು."

ನನ್ನನ್ನು ಅಡಿಯಿಂದ ಮುಡಿಯತನಕ ನೋಡಿದಳು. "ಗೊತ್ತಿದ್ದಿಲ್ಲ ಅಲ್ಲೇನು ನಿನಗ. ಸರಿ, ಬಾಜೂಕ ನಿಂದ್ರಪ್ಪ. ಅದರ ದಾರಿ ಬಿಡು."

ದಾರಿ ಬಿಟ್ಟೆ. ಮೇಸ್ತ್ರಿ ಖಾಲಿ ಹಲಗೆಯ ಕಡೆ ಬಗ್ಗಿದ. "ಕುಂತಿ ಏನೋ?"

ತಡೆದ. ಬಿಟ್ಟ.

ಜಾರುಗಾಡಿಯಲ್ಲಿ ನಾನಿನ್ನೂ ಕೂತಿಲ್ಲ, ಕೂರುವ ಧೈರ್ಯವೂ ಇಲ್ಲ. ಧೈರ್ಯವಿರುವ ಓದುಗರಲ್ಲಿ ಒಂದೇ ಬಿನ್ನಹ: ಬೆಳಿಗ್ಗೆ ಮೊದಲ ಗಾಡಿ ಖಾಲಿ ಹೊರಟರೆ, ಜಾಗ ಇದೆಯಲ್ಲ ಎಂದು ದಯವಿಟ್ಟು ಹತ್ತಬೇಡಿ.