ಬಿಚ್ಚಿಕೊಂಡು ಬಂದ ಹಲ್ಲುಗಳು

ನಮ್ಮಕ್ಕ ಟೈಲರ್. ಹಳೇ ಹೊಲಿಗೆಯನ್ನು ಮನೆಯಲ್ಲೇ ಬಿಚ್ಚಿಕೊಂಡು ತಂದವರಿಗೆ ಕೂಲಿ ಕಡಿಮೆ ಮಾಡುತ್ತಾಳೆ. ಹಲ್ಲಿನ ಚಿಕಿತ್ಸೆ ನಮ್ಮಲ್ಲಿ ದುಬಾರಿಯೆಂದು ಮೂರು ತಿಂಗಳು ವಿಚಾರಿಸಿ, ದೂರದ ಊರಿನ ಒಬ್ಬ ನಂಬಿಕಸ್ಥ ಡಾಕ್ಟರನ್ನು ಹುಡುಕಿ, ಅವರ ಹಳೆಯ ರೋಗಿಗಳಿಗೆಲ್ಲ ಫೋನ್ ಮಾಡಿ ತಲೆ ತಿಂದು, ಎಕ್ಸ್‌ರೇ ಕಳಿಸಿದಳು. ತಿಂಗಳಾದ ಮೇಲೆ ಅವಳು ಅಲ್ಲಿಗೆ ಹೊರಟಾಗ ಜೊತೆಗೆ ನಾನೂ ಹೋದೆ.

ಡಾಕ್ಟರು ಅವಳ ಬಾಯಿ ನೋಡಿದರು, ಎಕ್ಸ್‌ರೇ ನೋಡಿದರು, ಮತ್ತೆ ಬಾಯಿ ನೋಡಿದರು.

“ಈ ನಾಲ್ಕು ದವಡೆ ಹಲ್ಲು ಎಲ್ಲಮ್ಮಾ?”

“ಹೋದ ವಾರ ಊರಲ್ಲೇ ಕೀಳಿಸ್ಕೊಂಡೆ ಡಾಕ್ಟ್ರೇ. ನಿಮಗೆ ಅರ್ಧ ಕೆಲಸ ಉಳೀತು, ಸ್ವಲ್ಪ ನೋಡಿ ತಗೊಳ್ಳಿ.”

ಈ ಹುಚ್ಚಿ ನನಗೂ ಹೇಳಿರಲಿಲ್ಲ!

ಡಾಕ್ಟರು ಸ್ಟೂಲಿನ ಮೇಲೆ ಕುಸಿದು ಕೂತರು. “ಬೇರು ಗಟ್ಟಿಯಾಗಿತ್ತಮ್ಮಾ. ಹುಳುಕು ತೆಗೆದು ಸಿಮೆಂಟ್ ತುಂಬಿದ್ರೆ ಸಾಕಿತ್ತು.”

ಊರೆಲ್ಲ ವಿಚಾರಿಸಿದ್ದ ಅಕ್ಕ, ಕೀಳಿಸುವ ಮುಂಚೆ ಈ ಡಾಕ್ಟರನ್ನೇ ಒಂದು ಮಾತು ಕೇಳಿರಲಿಲ್ಲ. ತೆರೆದ ಬಾಯಿ ಮುಚ್ಚುವುದನ್ನೇ ಮರೆತಳು.